ಮೆಂಜಾಳ ಮೇಕೆಗಂಟೆಗಳು

ನಮ್ಮೂರು ಸುರ್ಪುಂಟಿನಲ್ಲಿ ಚಿಂತೆ ಮಾಡುವ ಕೆಲಸವನ್ನು ಎಲ್ಲರ ಪರವಾಗಿ ಮೆಂಜಾ ಒಬ್ಬಳೇ ವಹಿಸಿಕೊಂಡಿದ್ದಾಳೆ. ಹೀಗಾಗಿ ಮಿಕ್ಕ ನೂರ ನಲವತ್ತು ಜನ ನಾವು ನಿಶ್ಚಿಂತೆಯಿಂದ ಕೊಬ್ಬಿದ್ದೇವೆ. ಬೇಸಿಗೆಯಲ್ಲಿ ಹಿಮ ಬಿದ್ದುಬಿಟ್ಟೀತೆಂದು ಅವಳಿಗೆ ಚಿಂತೆ, ಚಳಿಗಾಲದಲ್ಲಿ ಬೀಳದೇ ಹೋದೀತೆಂದು ಚಿಂತೆ. ಅವಳ ಹಣೆಯ ಗೆರೆಗಳಲ್ಲಿ ಆಲೂಗಡ್ಡೆ ನೆಟ್ಟರೆ ಇಡೀ ಎಂಗಡೀನ್ ಕಣಿವೆಗೆ ಒಂದು ಚಳಿಗಾಲಕ್ಕೆ ಸಾಕಾಗುವಷ್ಟು ಬೆಳೆ ಬಂದೀತು. ಮದುವೆಯಾಗುತ್ತೇನೆಂದು ಒಬ್ಬ ಬಂದಿದ್ದ, ಒಳ್ಳೆಯ ಹುಡುಗ. ಅವನು ಮನೆಗೆ ತಡವಾಗಿ ಬರುವ ರಾತ್ರಿಗಳನ್ನೆಲ್ಲ ಮದುವೆಗೆ ಮುಂಚೆಯೇ ನೆನೆದು ನೆನೆದು ಸುಸ್ತಾಗಿ, ಬೇಡವೆಂದುಬಿಟ್ಟಳು.

ಊರಿನ ಕೊನೆಯ ಮನೆ ಅವಳದು. ಪಕ್ಕದ ಮೇಕೆ ಕೊಟ್ಟಿಗೆ ಈಗ ಸೈಕಲ್ ಅಂಗಡಿ. ಅದರಾಚೆ ಹೊಳೆ, ಹೊಳೆಯಾಚೆ ಪಾರ್ಕು. ಪಾರ್ಕು ಅಂದರೆ ಮಕ್ಕಳು ಜಾರುಬಂಡೆ ಆಡುವ ಪಾರ್ಕಲ್ಲ, ರಾಷ್ಟ್ರೀಯ ಉದ್ಯಾನ. ನೂರು ವರ್ಷದಿಂದ ಅಲ್ಲಿ ಯಾರೂ ಒಂದು ಮರ ಕಡಿದಿಲ್ಲ, ಒಂದು ಹಿಡಿ ಹುಲ್ಲು ಕೊಯ್ದಿಲ್ಲ. ಕಾಲುದಾರಿ ಬಿಟ್ಟು ಹೆಜ್ಜೆ ಇಡುವಂತಿಲ್ಲ, ನಾಯಿ ತರುವಂತಿಲ್ಲ, ಚಕ್ರ ಉರುಳಿಸುವಂತಿಲ್ಲ. ಮೂವತ್ತಾರು ವರ್ಷ ನಾನು ಈ ಕಣಿವೆಯಲ್ಲಿ ಹಳದಿ ಅಂಚೆ ಬಸ್ಸು ಓಡಿಸಿದವನು. ಪಾರ್ಕಿನಲ್ಲಿ ಸೀನು ಬಂದರೆ ಸೀನನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ವಾಪಸ್ ತರಬೇಕು ಅಂತ ಪ್ರಯಾಣಿಕರಿಗೆ ಹೇಳುತ್ತಿದ್ದೆ. ಕೆಳನಾಡಿನವರು ಕೆಲವರು ನಂಬಿ ಕರವಸ್ತ್ರ ತೆಗೆದಿಟ್ಟುಕೊಂಡದ್ದೂ ಉಂಟು.

ಮೆಂಜಾಳ ಚಿಂತೆ ಪಿತ್ರಾರ್ಜಿತ. ಅವಳಪ್ಪ ಯಾಕೆನ್ ಊರ ಮೇಕೆಗಳನ್ನು ಕಾಯುತ್ತಿದ್ದ. ಬೆಳಿಗ್ಗೆ ಬಾಗಿಲು ಬಾಗಿಲಿಂದ ಒಂದೊಂದು ಮೇಕೆ ಹೊರಟು ಅವನ ಹಿಂದೆ ಹೊಳೆಯ ಈಚೆ ದಂಡೆ ಹಿಡಿದು ಬೆಟ್ಟ ಹತ್ತುತ್ತಿತ್ತು. ಮೇಕೆಗೆ ಗಡಿ ಗೊತ್ತೇ? ಹೊಳೆಯ ಆಚೆ ನೂರು ವರ್ಷದ ಹುಲ್ಲು, ಈಚೆ ನಿನ್ನೆಯ ಹುಲ್ಲು. ಹಲಗೆ ಸೇತುವೆ ದಾಟಿ ಒಂದು ಮೇಕೆ ಆಚೆ ಹೋದರೂ ಯಾಕೆನ್ ಟೋಪಿ ಕೈಯಲ್ಲಿ ಹಿಡಿದು ಪಾರ್ಕಿನ ಕಾವಲುಗಾರನ ಮುಂದೆ ನಿಲ್ಲಬೇಕಿತ್ತು. ಆ ಟೋಪಿಯ ಅಂಚು ಹಿಂಡಿ ಹಿಂಡಿಯೇ ಸವೆದುಹೋಗಿತ್ತು. ಕೊನೆಗೆ ಕಮ್ಮಾರನ ಹತ್ತಿರ ಕೂತು ಮೇಕೆಗಳಿಗೆ ಗಂಟೆ ಬಡಿಸಿದ. ಒಂದೊಂದಕ್ಕೂ ಒಂದೊಂದು ದನಿ, ಎಲ್ಲವೂ ಹೊಳೆಯ ಸದ್ದಿಗಿಂತ ಮೇಲಿನ ದನಿ. "ಮನುಷ್ಯನ ಕೂಗನ್ನ ಹೊಳೆ ನುಂಗುತ್ತೆ, ಇದನ್ನ ನುಂಗಲಿ ನೋಡೋಣ," ಅನ್ನುತ್ತಿದ್ದ. ಮಗಳನ್ನು ಬಂಡೆಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿ ಎಣಿಸಲು ಕಲಿಸಿದ. ಏಳು ವರ್ಷಕ್ಕೇ ಮೆಂಜಾ ಮಂಜಿನಲ್ಲಿ ಮೂವತ್ತೆರಡು ಮೇಕೆಗಳನ್ನು ಕಿವಿಯಲ್ಲೇ ಎಣಿಸುತ್ತಿದ್ದಳು. ಈಗಲೂ ಅವಳ ಕಿವಿ ಎಂಥದೆಂದರೆ, ಚರ್ಚಿನಲ್ಲಿ ಇಲಿ ಕೆಮ್ಮಿದರೆ ಅದು ಯಾರ ಮನೆಯ ಇಲಿ ಎಂದು ಹೇಳುತ್ತಾಳೆ.

ಯಾಕೆನ್ ಹೋದ. ಊರಿನ ಮೇಕೆಗಳೂ ಹೋದವು. ಗಂಟೆಗಳು ಕೊಟ್ಟಿಗೆಯ ಗೋಡೆಯಲ್ಲಿ ತೂಗುತ್ತಿದ್ದವು. ಆಮೇಲೆ ಬೆಟ್ಟದ ಸೈಕಲ್ ಬಂತು. ಮೊರದಗಲದ ಟೈರು, ಕುದುರೆಯಂತೆ ಕುಪ್ಪಳಿಸುವ ಮುಂಗಾಲು. ಪಾರ್ಕಿನ ಒಳಗೆ ಹೋಗುವಂತಿಲ್ಲವಾದ್ದರಿಂದ ಪಾರ್ಕನ್ನು ಸುತ್ತು ಹಾಕುವುದೇ ದೊಡ್ಡ ಸಂಗತಿಯಾಯಿತು. ನಮ್ಮೂರಿಂದ ಘಾಟಿ ಹತ್ತಿ, ಆಚೆ ಮಗ್ಗುಲಲ್ಲಿ ಹೊಳೆಯ ದಂಡೆಯ ಗಡಿದಾರಿಯಲ್ಲಿಳಿದು, ಬೇಸಿಗೆಯಲ್ಲಿ ದನ ಮೇಯಿಸುವ ಮೇಲ್‌ಹಟ್ಟಿ ಮುಟ್ಟಿ, ಅಲ್ಲಿಂದ ಬಳಸಿ ಊರಿಗೆ. ಮೆಂಜಾ ತನಗೊಂದು, ಬಂದವರಿಗೆ ಆರು ಸೈಕಲ್ ಕೊಂಡಳು. ಜನರನ್ನು ಕರೆದುಕೊಂಡು ಹೋಗತೊಡಗಿದಳು. ಮೊದಲ ದಿನವೇ ಅವಳಿಗೆ ಗೊತ್ತಾಯಿತು, ಕೆಳನಾಡಿನ ಮನುಷ್ಯನಿಗೂ ಮೇಕೆಗೂ ದಾರಿ ಬಿಡುವ ವಿಷಯದಲ್ಲಿ ವ್ಯತ್ಯಾಸವಿಲ್ಲ ಎಂದು. ಮರುದಿನ ಗೋಡೆಯಿಂದ ಆರು ಗಂಟೆ ಇಳಿಸಿ ಆರು ಹ್ಯಾಂಡಲ್ಲಿಗೆ ಕಟ್ಟಿದಳು.

ಬ್ರೂನಾ, ನೈರಾ, ಸ್ಟೈಲಾ, ಫ್ಲೂರಾ, ಮಾತ್ತಾ, ಸ್ಟ್ರೀಯಾ. ಒಂದೊಂದು ಗಂಟೆಗೂ ಅದನ್ನು ಕಟ್ಟಿಕೊಂಡಿದ್ದ ಮೇಕೆಯ ಹೆಸರು. ಆ ಸೈಕಲ್ ಹತ್ತಿದವರಿಗೂ ಆ ದಿನದ ಮಟ್ಟಿಗೆ ಅದೇ ಹೆಸರು. ಝೂರಿಕ್ಕಿನ ದೊಡ್ಡ ಬ್ಯಾಂಕಿನ ಮ್ಯಾನೇಜರೊಬ್ಬ ಒಂದು ದಿನ ಬ್ರೂನಾ ಆಗಿದ್ದ. ಸಂಜೆ ಹೊತ್ತಿಗೆ ಅವನಿಗೆ ಗಡ್ಡ ಮುಂದಕ್ಕೆ ಚಾಚಿ, ಬೇಲಿ ಕಂಡರೆ ಹಾರುವ ಮನಸ್ಸಾಗುತ್ತಿತ್ತಂತೆ. ಸ್ಟ್ರೀಯಾ ಅಂದರೆ ಮಾಟಗಾತಿ. ಯಾಕೆನ್ನನ ಪ್ರೀತಿಯ ಮೇಕೆ ಅದು. ಕಮ್ಮಾರ ತಾಯಿಗೊಂದು, ಅದರ ಬೆನ್ನು ಬಿಡದ ಮರಿಗೊಂದು ಎಂದು ಒಂದೇ ದನಿಯ ಜೋಡಿ ಗಂಟೆ ಬಡಿದುಕೊಡುತ್ತಿದ್ದ. ಉಳಿದವುಗಳ ಜೋಡಿಯೆಲ್ಲ ಕಳೆದುಹೋಗಿ ಸ್ಟ್ರೀಯಾಳದ್ದೊಂದು ಮಾತ್ರ ಉಳಿದಿತ್ತು. ಅದನ್ನು ಮೆಂಜಾ ಹಟ್ಟಿಯಲ್ಲಿ ದನ ಕಾಯುವ ಗುಡೆಂಚನಿಗೆ ಅರುವತ್ತು ತುಂಬಿದಾಗ ಉಡುಗೊರೆ ಕೊಟ್ಟಿದ್ದಳು.

ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಅವಳ ಸೈಕಲ್ಲಿನ ಒಂದು ಚಕ್ರವೂ ಸೇತುವೆ ದಾಟಲಿಲ್ಲ. ಬೇಟೆಗಾರರು, ಹುಲ್ಲು ಪ್ರೇಮಿಗಳು, ಸುಮ್ಮನೆ ಸಿಟ್ಟಿರುವವರು ಎಲ್ಲರೂ ಸೇರಿ ಗಡಿದಾರಿಯಲ್ಲಿ ಸೈಕಲ್ಲೇ ಬೇಡವೆಂದು ಊರ ಸಭೆಯಲ್ಲಿ ಎದ್ದು ನಿಂತಾಗ, ಪಾರ್ಕಿನ ಕಾವಲುಗಾರ ಚಾಸ್ಪರನೇ, "ಮೆಂಜಾಳ ಸೈಕಲ್ಲಿಗೆ ನಮ್ಮ ಬಿಲ ತೋಡುವ ಮಾರ್ಮಟ್ಟುಗಳಿಗಿಂತ ಗಡಿ ಚೆನ್ನಾಗಿ ಗೊತ್ತು," ಅಂದು ಬಾಯಿ ಮುಚ್ಚಿಸಿದ್ದ. ಆ ಮಾತು ಕೇಳಿ ಅವಳು ಹಿಗ್ಗಬೇಕಲ್ಲ? ಇಲ್ಲ. ಇನ್ನು ಇದನ್ನು ಉಳಿಸಿಕೊಳ್ಳಬೇಕಲ್ಲ ಎಂದು ಹೊಸದೊಂದು ಚಿಂತೆ ಹಚ್ಚಿಕೊಂಡಳು.

ಈಗ ಆ ಸೆಪ್ಟೆಂಬರಿನ ದಿನಕ್ಕೆ ಬರುತ್ತೇನೆ. ನಾನೂ ಅದರಲ್ಲಿ ತಪ್ಪುಗಾರ.

ಹಟ್ಟಿಯ ದನಗಳೆಲ್ಲ ಹಿಂದಿನ ವಾರವೇ ಕೊಂಬಿಗೆ ಹೂ ಕಟ್ಟಿಸಿಕೊಂಡು ಊರಿಗೆ ಇಳಿದಿದ್ದವು. ಬೆಳಿಗ್ಗೆ ಕೊಟ್ಟಿಗೆ ಮುಂದೆ ಆರು ಜನ. ಬಾಸೆಲಿನ ಗಂಡ ಹೆಂಡತಿ, ಅಣ್ಣ ತಮ್ಮ ಇಬ್ಬರು, ಹಲ್ಲಿನ ಡಾಕ್ಟರೊಬ್ಬ. ಆರನೆಯವರು ವಿಂಟರ್ಥೂರಿನ ಹೆಡ್ವಿಗ್ ತ್ಸೊಲ್ಲಿಂಗರ್, ಎಪ್ಪತ್ತೊಂದು ವರ್ಷದ ನಿವೃತ್ತ ಗಣಿತದ ಟೀಚರು. ಕಡ್ಡಿಯಂಥ ಹೆಂಗಸು. ಬ್ಯಾಟರಿ ಸೈಕಲ್ ಕೊಡಲೇ ಎಂದರೆ, "ಬ್ಯಾಟರಿ ಟಾರ್ಚಿಗೆ," ಅಂದರು. ಅವರಿಗೆ ಸ್ಟ್ರೀಯಾ ಸಿಕ್ಕಿತು.

ಮೆಂಜಾ ಎಂದಿನ ಪಾಠ ಹೇಳಿದಳು. "ಈ ಹೊತ್ತು ನಿಮಗ್ಯಾರಿಗೂ ನಿಮ್ಮ ಹೆಸರಿಲ್ಲ. ನಾನು ಮೇಕೆ ಹೆಸರು ಕೂಗಿದ್ರೆ ನಿಂತಲ್ಲೇ ನಿಂತು ಗಂಟೆ ಅಲ್ಲಾಡ್ಸಿ. ಬಾಯಲ್ಲಿ ಕೂಗಬೇಡಿ. ನಿಮ್ಮ ಬಾಯಿ ನಂಗೆ ಬೇಕಿಲ್ಲ."

"ನಂಗೆ ಬೇಕು, ಅದೇ ನನ್ನ ಹೊಟ್ಟೆಪಾಡು," ಅಂದ ಹಲ್ಲಿನ ಡಾಕ್ಟರು. ಎಲ್ಲರೂ ನಕ್ಕರು. ಹೆಡ್ವಿಗ್ ಟೀಚರು ನಗಲಿಲ್ಲ.

"ಎಷ್ಟು ಸಲ ಅಲ್ಲಾಡಿಸಬೇಕು?"

"ನಂಗೆ ಕೇಳೋವರೆಗೂ ಟೀಚರಮ್ಮ."

"ಅದು ಉತ್ತರ ಅಲ್ಲ. ಸಂಖ್ಯೆ ಹೇಳಿ."

ಮೆಂಜಾ ನನ್ನ ಮುಖ ನೋಡಿದಳು. ನಾನು ಬೆರಳು ತೋರಿಸಿದೆ. "ಮೂರು," ಅಂದಳು. ಟೀಚರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು 'ಮೂರು' ಎಂದು ಬರೆದುಕೊಂಡರು.

ಆಮೇಲೆ ಮೆಂಜಾ ನನ್ನನ್ನು ಪಕ್ಕಕ್ಕೆ ಕರೆದಳು. ನಮ್ಮ ಕಡೆ ಹಿರಿಯ ಗಂಡಸರಿಗೆ ಬಾರ್ಬಾ ಅನ್ನುತ್ತಾರೆ, ಚಿಕ್ಕಪ್ಪ ಇದ್ದ ಹಾಗೆ. "ತುಮಾಶ್ ಬಾರ್ಬಾ, ಮೇಲೆ ತೆಳ್ಳಗೆ ಒಂದು ಮೋಡ ಕಾಣ್ತಿದೆ. ಇವತ್ತು ಬೇಡ ಅನ್ನಿಸ್ತಿದೆ."

"ಮೋಡ? ಎಲ್ಲಿದೆಯೇ? ಆಕಾಶ ನನ್ನ ತಲೆ ಥರ ಬೋಳಾಗಿದೆ. ಹೋಗೇ, ಹೋಗು. ನೀನು ಹೀಗೇ ಚಿಂತೆ ಮಾಡ್ತಿದ್ರೆ ಮೋಡಕ್ಕೇ ನಾಚ್ಕೆಯಾಗಿ ಬಂದುಬಿಡುತ್ತೆ."

ನಗಲಿಲ್ಲ ಅವಳು. ಆದರೂ ಹೊರಟಳು. ನಾನು ವ್ಯಾನಿನಲ್ಲಿ ಚಹಾ, ವಾಲ್ನಟ್ ಕೇಕು ಹೇರಿಕೊಂಡು ಬಳಸುದಾರಿಯಲ್ಲಿ ಮೇಲ್‌ಹಟ್ಟಿಗೆ ಹೋಗಿ ಕಾಯುವುದು ವಾಡಿಕೆ.

ಘಾಟಿಯ ತಲೆಯಲ್ಲಿ ಅವರು ರೊಟ್ಟಿ, ಒಣ ಮಾಂಸ ತಿನ್ನುತ್ತಿದ್ದಾಗ ಮಂಜು ಬಂತು. ಸುಮ್ಮನೆ ಬರಲಿಲ್ಲ. ಯಾರೋ ಕಣಿವೆಯೊಳಗೆ ಒಂದು ಲೋಡು ಉಣ್ಣೆ ಸುರಿದಂತೆ ಬಂತು. ಬಾಸೆಲಿನವನು ಬಾಯಿಗಿಡುತ್ತಿದ್ದ ರೊಟ್ಟಿ ಬಾಯಿಗೆ ತಲುಪುವ ಮುಂಚೆ ಕಾಣೆಯಾಯಿತಂತೆ. ಹಿಂದೆಯೇ ಹಿಮ ಬೆರೆತ ಮಳೆ.

ಯಾವಾಗಲೂ ಕೊನೆಯಲ್ಲಿ ಸೈಕಲ್ ಓಡಿಸುವ ಮೆಂಜಾ ಆ ದಿನ ಮುಂದೆ ಹೋದಳು. ಹೊಳೆಯ ಹತ್ತಿರ ದಾರಿ ಕವಲಾಗುತ್ತದೆ. ಎಡಕ್ಕೆ ಗಡಿದಾರಿ, ಬಲಕ್ಕೆ ಸೇತುವೆ, ಪಾರ್ಕು. ಮಂಜಿನಲ್ಲಿ ಮೊದಲಿನವನು ಬಲಕ್ಕೆ ತಿರುಗಿದರೆ ಆರು ಮೇಕೆಯೂ ಹಿಂದೆ ಹೋಗುತ್ತವೆ. ಅದಕ್ಕೇ ತಾನೇ ಮುಂದಾದಳು. ಕಿವಿ ಹಿಂದಕ್ಕಿಟ್ಟು ಎಣಿಸುತ್ತಾ ಇಳಿದಳು. ಬ್ರೂನಾ ಹತ್ತಿರ, ಮಾತ್ತಾ ಸ್ವಲ್ಪ ಹಿಂದೆ, ಸ್ಟ್ರೀಯಾ ಎಲ್ಲರಿಗಿಂತ ಹಿಂದೆ. ಕವಲು ದಾಟಿ ನೂರು ಮಾರು ಹೋದ ಮೇಲೆ ನಿಂತು ಮತ್ತೆ ಎಣಿಸಿದಳು. ಆರು. ಸ್ಟ್ರೀಯಾ ತಡವಾಗಿ ಬರುತ್ತಿತ್ತು, ನಿಂತು ನಿಂತು ಬರುತ್ತಿತ್ತು. ಎಪ್ಪತ್ತೊಂದು ವರ್ಷದ ಹೆಂಗಸು, ಜಾಗ್ರತೆಯಿಂದ ಬರುತ್ತಿದ್ದಾರೆ ಅಂದುಕೊಂಡಳು.

ಹಟ್ಟಿಯಲ್ಲಿ ನಾನು ಚಹಾ ಬಿಸಿ ಮಾಡಿಟ್ಟು ಬಾಗಿಲಲ್ಲಿ ನಿಂತಿದ್ದೆ. ಎರಡೂವರೆ ಹೊತ್ತಿಗೆ ಮೆಂಜಾ ಬಂದಳು. ಹಿಂದೆ ಬಾಸೆಲಿನವರು, ಅಣ್ಣ ತಮ್ಮ, ಹಲ್ಲಿನ ಡಾಕ್ಟರು. ಐವರೂ ಕೆಸರಿನ ಬೊಂಬೆಗಳು. ಮಂಜಿನೊಳಗಿಂದ ಆರನೆಯ ಗಂಟೆಯ ಸದ್ದು ಹತ್ತಿರ ಬರುತ್ತಿತ್ತು. "ಬನ್ನಿ ಟೀಚರಮ್ಮ, ಕೇಕು ಕಾಯ್ತಿದೆ," ಎಂದು ನಾನು ಕೂಗಿದೆ.

ಮಂಜು ಸರಿಯಿತು. ಅಂಗಳಕ್ಕೆ ಒಂದು ಬಿಳಿ ಮೇಕೆ ಬಂತು.

ಕೊರಳಲ್ಲಿ ಗಂಟೆ. ಗುಡೆಂಚನ ಮೇಕೆ. ದನಗಳೆಲ್ಲ ಇಳಿದರೂ ತಾನು ಇಳಿಯುವುದಿಲ್ಲವೆಂದು ಹಟ ಹಿಡಿದು ಬೆಟ್ಟದಲ್ಲೇ ಉಳಿದಿತ್ತು. ಎಂಟು ದಿನ ಒಂಟಿಯಾಗಿದ್ದು ಬೇಸರವಾಗಿ, ಗಂಟೆಗಳ ಸದ್ದು ಕೇಳಿ ಹಿಂಡಿನ ಹಿಂದೆ ಬಂದುಬಿಟ್ಟಿದೆ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ನನ್ನ ಕೈಯಲ್ಲಿದ್ದ ಕೇಕಿನ ಮೇಲೆ ಕಣ್ಣು ನೆಟ್ಟಿತು.

ಹಲ್ಲಿನ ಡಾಕ್ಟರು ನಗಲು ಬಾಯಿ ತೆರೆದ. ಮೆಂಜಾಳ ಮುಖ ನೋಡಿ ತೆರೆದ ಬಾಯಿ ಹಾಗೇ ಉಳಿಯಿತು. ನಾನು ಅವಳನ್ನು ತೊಟ್ಟಿಲಿನಿಂದ ಬಲ್ಲೆ. ಅಂಥ ಮುಖ ಕಂಡಿರಲಿಲ್ಲ. ಹಣೆಯ ಗೆರೆಗಳೆಲ್ಲ ಅಳಿಸಿಹೋಗಿ, ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಮೇಕೇನ ಎಣಿಸಿದೆ ಬಾರ್ಬಾ," ಅಂದಳು. "ಟೀಚರಮ್ಮನ ಬದಲು ಮೇಕೇನ ಎಣಿಸಿಬಿಟ್ಟೆ."

"ಕೊನೇಲಿ ಅವರನ್ನ ಕಂಡೋರು ಯಾರು?" ಎಂದು ನಾನು ಉಳಿದವರನ್ನು ಕೇಳಿದೆ.

ಸ್ಟೈಲಾ ಆಗಿದ್ದ ತಮ್ಮ ಹೇಳಿದ, "ಮೇಲೆ, ಎರಡನೇ ತಿರುವಲ್ಲಿ ಚೈನು ಕಳಚ್ತು ಅಂತ ಇಳಿದ್ರು. ನಿಲ್ಲಲಾ ಅಂದೆ. 'ನಿನ್ನ ಕೆಲಸ ನೀನು ನೋಡ್ಕೋ' ಅಂದ್ರು. ಆಮೇಲೆ ಗಂಟೆ ಕೇಳಿಸ್ತಾನೇ ಇತ್ತಲ್ಲ..."

ಸೈಕಲ್ ನಿಂತರೆ ಗಂಟೆ ಸುಮ್ಮನಾಗುತ್ತದೆ. ಅದು ಸುಮ್ಮನಾದ ಗಳಿಗೆಯಲ್ಲೇ ಅದರ ಜೋಡಿ ಬಂದು ಸಾಲಿಗೆ ಸೇರಿಕೊಂಡಿತ್ತು. ಅಪ್ಪ ಕಲಿಸಿದ ವಿದ್ಯೆ, ಅಪ್ಪನದೇ ಗಂಟೆ, ತಾನೇ ಕೈಯಾರೆ ಕೊಟ್ಟ ಉಡುಗೊರೆ.

ಹಟ್ಟಿಯಲ್ಲಿ ಫೋನು ಹಿಡಿಯುವುದಿಲ್ಲ. ವ್ಯಾನಿನ ಕೀಲಿಯನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟು, ಸಿಗ್ನಲ್ ಸಿಗುವವರೆಗೆ ಇಳಿದು ರಕ್ಷಣೆಯವರಿಗೆ ಫೋನು ಮಾಡಲು ಹೇಳಿದೆ. ಈ ಮಂಜಿನಲ್ಲಿ ಹೆಲಿಕಾಪ್ಟರ್ ಏಳುವುದಿಲ್ಲ, ಜನ ನಡೆದು ಬರಬೇಕು, ಅದಕ್ಕೆ ಮೂರು ತಾಸು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಏಳಕ್ಕೆ ಕತ್ತಲು. ಅಷ್ಟರಲ್ಲಿ ಮಳೆ ಪೂರಾ ಹಿಮವಾಗಿತ್ತು.

ಮೆಂಜಾ ಆಗಲೇ ಸೈಕಲ್ ಹತ್ತಿದ್ದಳು. ನಾನು ನೈರಾಳನ್ನು ಎಳೆದುಕೊಂಡೆ. ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಬೆಟ್ಟದ ಸೈಕಲ್! ಆ ಸೀಟು ನನ್ನ ಹಿಂಭಾಗಕ್ಕೆ ಮಾಡಿದ್ದನ್ನು ನನ್ನ ಹಿಂಭಾಗ ಇನ್ನೂ ಕ್ಷಮಿಸಿಲ್ಲ. ಮೇಕೆಯೂ ಹೊರಟಿತು, ಕರೆಯದೆ.

"ಬಾರ್ಬಾ, ನೀವು ಇಲ್ಲೇ ಇರಿ. ನಿಮ್ಮನ್ನೂ ಎಲ್ಲಿ ಹುಡುಕಲಿ?"

"ನಡಿಯೇ. ನಾನು ಬೈತಾನೇ ಇರ್ತೀನಿ, ಸದ್ದು ಹಿಡ್ಕೊಂಡು ಹುಡುಕು."

ಆದರೆ ದಾರಿಯುದ್ದಕ್ಕೂ ನನ್ನ ಬಾಯಿಂದ ಬೈಗುಳ ಬರಲಿಲ್ಲ. ಬೆಳಿಗ್ಗೆ ಅವಳಿಗೆ ಹೇಳಿದ ಬೋಳು ತಲೆಯ ತಮಾಷೆಯೇ ನನ್ನನ್ನು ಬೈಯುತ್ತಿತ್ತು.

ಎರಡು ಕಿಲೋಮೀಟರು ತಳ್ಳಿ, ತುಳಿದು, ಬಿದ್ದು, ಎದ್ದು ಕವಲು ಮುಟ್ಟಿದೆವು. ಹೊಳೆ ಕೆಂಪಾಗಿ ಉಬ್ಬಿ ಭೋರೆನ್ನುತ್ತಿತ್ತು. ಸೇತುವೆಯ ಹಲಗೆಗಳ ಮೇಲೆ ಹಿಮ ಆಗಷ್ಟೇ ಕೂರತೊಡಗಿತ್ತು. ಅದರಡಿಯಲ್ಲಿ ಕೆಸರಿನ ಒಂದು ಗೆರೆ, ದಪ್ಪ ಟೈರಿನ ಗೆರೆ, ನೇರವಾಗಿ ಆಚೆ ಹೋಗಿತ್ತು. ಹೋದ ಗೆರೆ ಒಂದೇ. ಬಂದ ಗೆರೆ ಇಲ್ಲ.

ಮೆಂಜಾ ಸೇತುವೆಯ ಈಚೆ ಕೊನೆಯಲ್ಲಿ ನಿಂತಳು. ಹೊಳೆಯ ನಡುವೇ ಗಡಿ. ಆಚೆ ಮಂಜಿನಲ್ಲಿ ಪಾರ್ಕಿನ ನಿಯಮ ಬರೆದ ಹಲಗೆ ಅರ್ಧ ಕಾಣುತ್ತಿತ್ತು. ಅಲ್ಲಿಂದ ದಾರಿ ಒಂಬತ್ತು ಕಿಲೋಮೀಟರು, ಮನೆಯಿಲ್ಲ, ಹಟ್ಟಿಯಿಲ್ಲ, ಎರಡು ಕಡೆ ಪ್ರಪಾತ.

"ನಡ್ಕೊಂಡು ಹೋದ್ರೆ ಎರಡು ತಾಸು," ಅಂದಳು. "ಸೈಕಲ್ಲಲ್ಲಿ ಮುಕ್ಕಾಲು ತಾಸು. ಅವರ ಮೈಮೇಲೆ ತೆಳ್ಳನೆ ಜಾಕೀಟು ಬಾರ್ಬಾ. ನಾನು ಬೆಳಿಗ್ಗೆ ಮುಟ್ಟಿ ನೋಡಿದ್ದೆ. ಇದು ಸಾಲದು ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಸೈಕಲ್ಲಲ್ಲೇ ಹೋಗು. ಚಾಸ್ಪರನಿಗೆ ನಾನು ಹೇಳ್ತೀನಿ."

"ಚಾಸ್ಪರನ ಚಿಂತೆ ಅಲ್ಲ. ನಾನು ಆ ಕಡೆ ಹೋಗಿ, ಅವರು ಈ ಕಡೆ ಎಲ್ಲಾದ್ರೂ ಇದ್ದುಬಿಟ್ರೆ? ಒಂದು ಸಲ ತಪ್ಪಾಗಿ ಎಣಿಸಿದ್ದೀನಿ. ಇನ್ನೊಂದು ಸಲ ತಪ್ಪೋ ಹಾಗಿಲ್ಲ."

"ಗೆರೆ ಆ ಕಡೆ ಹೋಗಿದ್ಯಲ್ಲೇ, ಕಣ್ಣಿಗೆ ಕಾಣಲ್ವಾ?"

ಕಂಡಿತ್ತು. ಮುಂದಿನ ಚಕ್ರ ಎತ್ತಿ ಮೊದಲ ಹಲಗೆಯ ಮೇಲಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಇಟ್ಟವಳು ಹಾಗೇ ನಿಂತಳು. ಆಮೇಲೆ ಹೇಳಿದಳು, ಆ ಹೊತ್ತಿನಲ್ಲಿ ಅಪ್ಪ ನೆನಪಾದನಂತೆ. ಸ್ಟ್ರೀಯಾ ಒಂದು ಸಲ ಆಚೆ ಹೋದಾಗ ಅವನು ಹಿಂದೆ ಓಡಲಿಲ್ಲ. ಓಡಿದರೆ ಮೇಕೆಯೂ ಓಡುತ್ತದೆ. ಇದೇ ಹಲಗೆಯ ತುದಿಯಲ್ಲಿ ನಿಂತು ಮೊದಲು ಕರೆದ, ಆಮೇಲೆ ಕೇಳಿಸಿಕೊಂಡ.

ಸೈಕಲ್ ಹಿಂದಕ್ಕೆಳೆದು ಒರಗಿಸಿ, ಎರಡು ಕೈ ಬಾಯಿಗಿಟ್ಟು ಕರೆದಳು. ಅದು ಕೂಗಲ್ಲ. ನಾಲ್ಕು ತಲೆಮಾರಿನ ಮೇಕೆ ಕಾಯುವವರು ಮೂಗಿನ ಮೇಲ್ಗಡೆಯಿಂದ ತೆಗೆಯುತ್ತಿದ್ದ ಸೂಜಿಯಂಥ ದನಿ. "ಹೋ... ಓ... ಸ್ಟ್ರೀಯಾ!"

ಟಣ ಟಣ ಟಣಟಣ.

ಅವಳ ಮುಖ ಅರಳಿತು. ತಿರುಗಿ ನೋಡಿದರೆ ಮೇಕೆ. ಹೆಸರು ಕೇಳಿ ನಮ್ಮ ಬೆನ್ನಿಗೇ ಬಂದು ತಲೆ ಕೊಡವುತ್ತಿತ್ತು. ಸ್ಟ್ರೀಯಾ ಗಂಟೆಯ ಜೊತೆಗೆ ಸ್ಟ್ರೀಯಾ ಹೆಸರನ್ನೂ ಗುಡೆಂಚ್ ಅದಕ್ಕೇ ಇಟ್ಟಿದ್ದ.

"ಅದರ ಬಾಯಿ ಮುಚ್ಚಿಸಿ ಬಾರ್ಬಾ!"

"ಬಾಯಲ್ವೇ, ಕೊರಳು!" ನಾನು ಮೇಕೆಯ ಮೇಲೆ ಬಿದ್ದು, ಗಂಟೆಯೊಳಗೆ ನನ್ನ ಉಣ್ಣೆಯ ಕೈಗವಸು ತುರುಕಿ, ಕೊರಳು ತಬ್ಬಿ ಹಿಡಿದೆ. ಅದು ನನ್ನ ಕಿವಿಯನ್ನು ಎಲೆಯೆಂದು ತಿಳಿದು ಕಚ್ಚಿತು. ನಾನು ಉಸಿರೆತ್ತಲಿಲ್ಲ.

ಮೆಂಜಾ ಮತ್ತೆ ಕರೆದಳು. ಕಣ್ಣು ಮುಚ್ಚಿಕೊಂಡಳು. ಹೊಳೆಯ ಭೋರ್ಗರೆತ ಬಿಟ್ಟರೆ ಏನಿಲ್ಲ. ಕರೆದಳು. ಏನಿಲ್ಲ. ಅವಳ ರೆಪ್ಪೆಯ ಮೇಲೆ ಹಿಮ ಕೂರುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಲೆಕ್ಕ ಹಾಕುತ್ತಿದ್ದೆ, ಟೀಚರು ಕಾಣೆಯಾಗಿ ಒಂದೂವರೆ ತಾಸಿನ ಮೇಲಾಯಿತು, ಕಡ್ಡಿಯಂಥ ಮೈ, ಅದರಲ್ಲಿ ಎಷ್ಟು ಹೊತ್ತಿನ ಬಿಸಿ ಇದ್ದೀತು? ನಾಲ್ಕನೆಯ ಸಲ ಕರೆದಾಗ ಅವಳ ದನಿ ಒಡೆಯಿತು.

ಟಣ್. ಟಣ್. ಟಣ್.

ಸುಮ್ಮನಾಯಿತು. ನಾನು ಮೇಕೆಯ ಗಂಟೆಯನ್ನು ಒತ್ತಿ ಹಿಡಿದೇ ಇದ್ದೆ. ಮೆಂಜಾ ಕಣ್ಣು ತೆರೆಯದೆ, "ಸ್ಟ್ರೀಯಾ!" ಅಂದಳು.

ಟಣ್. ಟಣ್. ಟಣ್.

"ಮೂರು," ಅಂದಳು ಮೆಂಜಾ. "ಮೇಕೆಗೆ ಲೆಕ್ಕ ಬರಲ್ಲ ಬಾರ್ಬಾ. ಮೂರು!"

"ಎಲ್ಲಿಂದ? ಪಾರ್ಕಿನ ಕಡೆಯಿಂದಾನಾ?"

ಅವಳು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದಳು. ಆಮೇಲೆ ಕಣ್ಣು ತೆರೆದು, ತನ್ನ ಕಾಲ ಕೆಳಗೆ ನೋಡಿದಳು.

ಸೇತುವೆಯ ಅಡಿಯಲ್ಲಿ, ನಮ್ಮದೇ ದಂಡೆಯಲ್ಲಿ, ಎರಡಾಳು ಆಳದಲ್ಲಿ, ನೀರಿಗೆ ಮೊಳ ದೂರದ ಜಲ್ಲಿಯ ಮೇಲೆ ಹೆಡ್ವಿಗ್ ಟೀಚರು ಒರಗಿ ಕೂತಿದ್ದರು. ಒಂದು ಕಾಲು ಕಾಲಿನಂತಿರಲಿಲ್ಲ. ಸೈಕಲ್ ಪೊದೆಗೆ ಸಿಕ್ಕಿ ತಲೆಯ ಮೇಲೆ ಛತ್ರಿಯಂತೆ ನಿಂತಿತ್ತು. ನೀಲಿಗಟ್ಟಿದ ಕೈ ಮೇಲೆ ಚಾಚಿ ಹ್ಯಾಂಡಲ್ಲಿನ ಗಂಟೆ ಹಿಡಿದಿತ್ತು. ನಾವು ಅಷ್ಟು ಹೊತ್ತು ಅವರ ನೆತ್ತಿಯ ಮೇಲೆ ನಿಂತು ಪಾರ್ಕಿಗೆ ಹೋಗುವ ಮಾತಾಡುತ್ತಿದ್ದೆವು. ಮೆಂಜಾ ಚಕ್ರ ಹಿಂದೆಳೆಯದೆ ಹೋಗಿದ್ದರೆ, ಒಂಬತ್ತು ಕಿಲೋಮೀಟರು ಹುಡುಕಿ ಬರುವಷ್ಟರಲ್ಲಿ ಆ ಕೈ ಗಂಟೆ ಅಲ್ಲಾಡಿಸುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಮೆಂಜಾ ಜಾರಿಕೊಂಡೇ ಇಳಿದಳು. ತನ್ನ ಕೋಟು, ನನ್ನ ಕೋಟು, ಕೊನೆಗೆ ಮೇಕೆಯನ್ನೂ ಇಳಿಸಿಕೊಂಡು ಟೀಚರ ಎದೆಗೆ ಒತ್ತಿ ಕೂರಿಸಿದಳು. ಜೀವವಿರುವ ಕಂಬಳಿ ಅದು. ಸ್ವಲ್ಪ ಹೊತ್ತಿನ ಮೇಲೆ ಟೀಚರ ಹಲ್ಲು ಕಟಕಟ ಅನ್ನಲು ಶುರುವಾಯಿತು. "ಹಲ್ಲು ಕಡೀತಿದ್ದಾರೆ. ನಡುಕ ಬಂತು ಅಂದ್ರೆ ಒಳ್ಳೇದು, ಬಂತು ಅಂದ್ರೆ ಒಳ್ಳೇದು," ಎಂದು ಮೆಂಜಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ಆಚೆ ಹೋದ್ರಲ್ಲ ಟೀಚರಮ್ಮ, ಮತ್ತೆ ಇಲ್ಲಿಗೆ ಹೇಗೆ ಬಂದ್ರಿ?" ಎಂದು ನಾನು ಮೇಲಿನಿಂದ ಕೇಳಿದೆ.

ಮಾತು ತುಂಡು ತುಂಡಾಗಿ ಬಂತು. ಮಂಜಿನಲ್ಲಿ ಬಲಕ್ಕೆ ತಿರುಗಿದರಂತೆ. ಆಚೆ ಪಾರ್ಕಿನ ಹಲಗೆ ಕಂಡಿತಂತೆ. ಹಲಗೆ ಕಂಡರೆ ಪೂರಾ ಓದುವುದು ಅವರ ಅಭ್ಯಾಸ. ಚಕ್ರ ಉರುಳಿಸುವಂತಿಲ್ಲ ಎಂದು ಬರೆದಿತ್ತು. "ಆಗಲೇ ಒಂದು ಸಲ ತಪ್ಪು ಮಾಡಿದ್ದೆ. ವಾಪಸ್ ಉರುಳಿಸಿದ್ರೆ ಎರಡು ಸಲ ಆಗುತ್ತೆ. ಅದಕ್ಕೇ ಹೆಗಲ ಮೇಲೆ ಹೊತ್ಕೊಂಡು ಬಂದೆ. ಕೊನೇ ಹಲಗೆ ಜಾರ್ತು."

ಬಂದ ಗೆರೆ ಇಲ್ಲದಿದ್ದದ್ದು ಇದಕ್ಕೆ! ಮೇಲೆ ಬಿದ್ದ ಹಿಮ ಅವರ ಹೆಜ್ಜೆಗಳನ್ನು ಅಳಿಸಿತ್ತು, ಕೆಸರಿನ ಗೆರೆಯನ್ನಷ್ಟೇ ಉಳಿಸಿತ್ತು. ಮೂವತ್ತಾರು ವರ್ಷ ಪಾರ್ಕಿನ ನಿಯಮಗಳ ಬಗ್ಗೆ ಸುಳ್ಳು ಹೇಳಿ ನಗಿಸಿದವನು ನಾನು, ಅವನ್ನು ಇಷ್ಟು ನಿಜವಾಗಿ ಪಾಲಿಸುವವರನ್ನು ಆವತ್ತೇ ಕಂಡದ್ದು.

"ಕೂಗಬಾರದಿತ್ತಾ?" ಅಂದಳು ಮೆಂಜಾ, ಅಳುತ್ತಾ.

"ಬಾಯಲ್ಲಿ ಕೂಗಬೇಡಿ ಅಂದಿದ್ರಲ್ಲ. ಹೆಸರು ಕೇಳಿದ ಮೇಲೆ ಅಲ್ಲಾಡಿಸಬೇಕು ಅಂತ. ಮೊದಲ ಎರಡು ಸಲ ಕೇಳಿಸ್ತು, ಆದರೆ ಕೈ ಮೇಲೇಳಲಿಲ್ಲ. ಮೂರನೇದಕ್ಕೂ ಆಗಲಿಲ್ಲ. ಕ್ಷಮಿಸಿ."

ರಕ್ಷಣೆಯವರು ಐದೂಮುಕ್ಕಾಲಿಗೆ ಬಂದರು, ಇನ್ನೂ ಬೆಳಕಿತ್ತು. ಕಾಲು ಎರಡು ಕಡೆ ಮುರಿದಿತ್ತು. ಬೇರೇನಿಲ್ಲ. ಆಸ್ಪತ್ರೆಯ ಡಾಕ್ಟರು, ಇನ್ನೊಂದು ತಾಸಾಗಿದ್ದರೆ ಎಂದು ಶುರು ಮಾಡಿ ಮೆಂಜಾಳನ್ನು ನೋಡಿ ಮಾತು ನಿಲ್ಲಿಸಿದರಂತೆ.

ಆಸ್ಪತ್ರೆಯ ಹಾಸಿಗೆಯಿಂದಲೇ ಟೀಚರು ಪಾರ್ಕಿಗೆ ಪತ್ರ ಬರೆದರು. ಅರ್ಧ ಸೇತುವೆ ಐದೂವರೆ ಮೀಟರು, ಅಲ್ಲಿಂದ ನಿಯಮದ ಹಲಗೆಯವರೆಗೆ ಎರಡು ಮೀಟರು, ಒಟ್ಟು ಏಳೂವರೆ ಮೀಟರು ಚಕ್ರ ಉರುಳಿಸಿದ್ದೇನೆ, ತಪ್ಪು ನನ್ನದು, ಮೆಂಜಾಳದ್ದಲ್ಲ ಎಂದು. ಚಾಸ್ಪರ್ ಆ ಪತ್ರ ಹಿಡಿದುಕೊಂಡು ಅಂಗಡಿಗೆ ಬಂದ. ಮೆಂಜಾ ಎದ್ದು ನಿಂತು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದಳು, ಅವಳಪ್ಪ ಟೋಪಿ ಹಿಡಿಯುತ್ತಿದ್ದ ಹಾಗೆ.

"ಕೂತ್ಕೊಳೇ ಮಾರಾಯ್ತಿ," ಅಂದ ಚಾಸ್ಪರ್. "ನಾನು ಹೋಗಿ ಟೇಪು ಹಿಡಿದು ಅಳೆದೆ. ಏಳು ಮೀಟರು ನಲವತ್ತು. ನಿನ್ನ ಟೀಚರು ಹತ್ತು ಸೆಂಟಿಮೀಟರು ಜಾಸ್ತಿ ಒಪ್ಕೊಂಡಿದ್ದಾರೆ. ಅದು ನಮ್ಮ ಕಡೆಯಿಂದ ಬಾಕಿ."

ದಾರಿ ಮುಚ್ಚಲಿಲ್ಲ. ಆದರೆ ಮೆಂಜಾ ಅದರಿಂದ ಸಮಾಧಾನಗೊಂಡಳೆಂದು ಯಾರಾದರೂ ಅಂದುಕೊಂಡರೆ ಅವರಿಗೆ ಮೆಂಜಾ ಗೊತ್ತಿಲ್ಲ.

ಈಗ ಮಂಜು ಬಂದರೆ ಅವಳು ನಿಲ್ಲುತ್ತಾಳೆ. ಹಿಂದಕ್ಕೆ ನಡೆದು ಬಂದು ಒಬ್ಬೊಬ್ಬರ ಹೆಲ್ಮೆಟ್ ಮೇಲೆ ಅಂಗೈಯಿಟ್ಟು ಎಣಿಸುತ್ತಾಳೆ. ಚರ್ಚಿನಲ್ಲೂ ಎಣಿಸುತ್ತಾಳೆ, ನನ್ನ ಬೋಳು ತಲೆಯ ಮೇಲೂ ಒಂದು ಸಲ ಅಂಗೈ ಬಿದ್ದಿದೆ. ಗುಡೆಂಚ್ ಗಂಟೆ ವಾಪಸ್ ಕೊಡುತ್ತೇನೆಂದು ಬಿಚ್ಚಿದ. ಗಂಟೆಯಿಲ್ಲದೆ ಮೇಕೆ ಮೂರು ದಿನ ಮೇವು ಮುಟ್ಟಲಿಲ್ಲ, ಮತ್ತೆ ಕಟ್ಟಿದ. ಕೊನೆಗೆ ಮೆಂಜಾ ತನ್ನ ಕಡೆಯ ಸ್ಟ್ರೀಯಾಳನ್ನೇ ಸೈಕಲ್ಲಿನಿಂದ ಬಿಚ್ಚಿ ಅಂಗಡಿ ಬಾಗಿಲಿಗೆ ತೂಗುಹಾಕಿದಳು. ಆರನೆಯ ಸೈಕಲ್ಲಿಗೆ ಈಗ ರಬ್ಬರಿನ ಪೋಂಪೋಂ ಹಾರ್ನು. ಅದರ ಸದ್ದಿಗೆ ಹೋದ ಬೇಸಿಗೆಯಲ್ಲಿ ಎರಡು ಹಿಮನದಿ ಹಿಂದಕ್ಕೆ ಸರಿದಿವೆ ಅಂತ ನನ್ನ ಅಂದಾಜು.

ಹೆಡ್ವಿಗ್ ಟೀಚರು ಪ್ರತಿ ಸೆಪ್ಟೆಂಬರಿನಲ್ಲೂ ಬರುತ್ತಾರೆ, ಕಾಲಲ್ಲಿ ಕಬ್ಬಿಣದ ಸಲಾಕೆ ಇಟ್ಟುಕೊಂಡು. ಬಾಗಿಲು ತಳ್ಳಿದರೆ ಗಂಟೆ ಟಣ್ ಅನ್ನುತ್ತದೆ. ಒಳಗೆ ಪಂಕ್ಚರ್ ಹಾಕುತ್ತಿದ್ದ ಮೆಂಜಾ ತಲೆಯೆತ್ತುವುದಿಲ್ಲ. ಟ್ಯೂಬು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಕಾಯುತ್ತಾಳೆ. ಟೀಚರು ಕೈ ಎತ್ತಿ ಇನ್ನೆರಡು ಸಲ ಅಲ್ಲಾಡಿಸಿದ ಮೇಲೆಯೇ ತಿರುಗಿ ನೋಡುತ್ತಾಳೆ.